ಮೆಣಸಿನಕಾಯಿಯ ಘಾಟು ನನಗೆ ಬರಲಿಲ್ಲ

ಕರೋನಾದ ಎರಡನೇ ಅಲೆ ಎಂದರೆ ಬಹಳ ಮಂದಿಗೆ ಆಂಬುಲೆನ್ಸಿನ ಸೈರನ್ ನೆನಪಾಗುತ್ತದಂತೆ. ನನಗೆ ನೆನಪಾಗುವುದು ನನ್ನ ಕೈಯ ಹಸಿರು ಬಳೆಗಳ ಸದ್ದು. ಮೈ ಕೆರೆದುಕೊಂಡಾಗಲೆಲ್ಲ ಅವು ಕಿಣಿಕಿಣಿ ಎನ್ನುತ್ತಿದ್ದವು. ಅದರ ಬೆನ್ನಿಗೇ ಅಡಿಗೆಮನೆಯಿಂದ ನನ್ನ ನಾದಿನಿ ಶಾಂತಾಳ ಕೂಗು ಬರುತ್ತಿತ್ತು.

“ವೈನಿ, ಕೆರಕೋಬ್ಯಾಡ್ರಿ! ಬಳಿ ಸಪ್ಪಳ ಇಲ್ಲಿತನಾ ಕೇಳಸ್ತೈತಿ.”

“ಕೆರಕೊಳ್ಳಾಕತ್ತಿಲ್ಲ ಶಾಂತಾ, ಪುಸ್ತಕದ ಹಾಳಿ ತಿರುವಾಕತ್ತೀನಿ.”

“ಅಷ್ಟ ಜೋರಲೆ ಯಾವ ಪುಸ್ತಕ ಓದತೀರಿ? ಕೈ ಸುಮ್ನ ಇಡ್ರಿ. ತಾಯಿ ಸಿಟ್ಟಾಗ್ತಾಳ.”

ತಾಯಿ ಎಂದರೆ ದೇವಿ. ಜ್ವರದ ಜೊತೆ ಮೈಮೇಲೆ ನೀರುಗುಳ್ಳೆ ಎದ್ದರೆ ನಮ್ಮ ಕಡೆ ಹಳಬರು ಅದನ್ನು ರೋಗ ಎನ್ನುವುದಿಲ್ಲ, ತಾಯಿ ಮನೆಗೆ ಬಂದಿದ್ದಾಳೆ ಎನ್ನುತ್ತಾರೆ. ಬಂದ ಅತಿಥಿಗೆ ಮಾಡುವ ಹಾಗೆ ಮಾಡುತ್ತಾರೆ. ಬಾಗಿಲಿಗೆ ಬೇವಿನ ಟೊಂಗೆ, ಹಾಸಿಗೆಯ ಮೇಲೆ ಬೇವಿನೆಲೆ, ಊಟಕ್ಕೆ ತಣ್ಣನೆಯ ಮೊಸರನ್ನ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಏನನ್ನೂ ಹುರಿಯುವಂತಿಲ್ಲ. ಘಾಟು ತಾಯಿಗೆ ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮೈಗೆ ಔಷಧ ಮುಟ್ಟಿಸಬಾರದು, ಸೂಜಿ ಚುಚ್ಚಬಾರದು.

ನಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಹುಟ್ಟಿ ಬೆಳೆದವಳು, ಕಾನ್ವೆಂಟಿನಲ್ಲಿ ಓದಿದವಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನಮ್ಮ ಮನೆಯವರು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಫೋರ್‌ಮನ್ ಆಗಿದ್ದರು. ಆ ಬೇಸಿಗೆ ಬೆಳಗಾವಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯವರು ಒಬ್ಬರ ಹಿಂದೆ ಒಬ್ಬರು ಜ್ವರ ಬಂದು ಮಲಗಿದಾಗ, “ಇಬ್ಬರೂ ಇಲ್ಲಿ ಬರ್ರಿ, ಇಲ್ಲಿ ಗಾಳಿ ಚೊಲೋ ಐತಿ” ಎಂದು ಶಾಂತಾ ಖಾನಾಪುರದಿಂದ ಫೋನು ಮಾಡಿದಳು. ನಾವು ಹೋದೆವು. ಅವಳು ನಮ್ಮವರ ತಂಗಿ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡು ತನ್ನಷ್ಟಕ್ಕೆ ತಾನು ಇದ್ದಳು. ಕನ್ನಡದಲ್ಲಿ ಮಾತು ಶುರುಮಾಡಿ ಮರಾಠಿಯಲ್ಲಿ ಮುಗಿಸುವವಳು. ಓಣಿಯಲ್ಲಿ ಯಾವ ಮಗುವಿನ ಮೈಮೇಲೆ ಏನೇ ಎದ್ದರೂ ಮೊದಲು ಶಾಂತಕ್ಕನನ್ನೇ ಕರೆಯುತ್ತಿದ್ದರು. ತಾಯಿಯೋ ಬೆವರುಸಾಲೆಯೋ ಎಂದು ನೋಡಿ ಹೇಳುವುದು ಅವಳ ಹಕ್ಕು.

ನನ್ನ ಬೆನ್ನನ್ನೂ ಅವಳೇ ಮೊದಲು ನೋಡಿದ್ದು. ಎರಡು ದಿನ ಮೈ ಬೆಚ್ಚಗಿತ್ತು, ಒಣಕೆಮ್ಮು ಇತ್ತು. ಸ್ನಾನಕ್ಕೆ ಹೋದಾಗ ಬೆನ್ನು ಉಜ್ಜಲು ಕರೆದೆ. ಅವಳ ಕೈ ನಿಂತುಬಿಟ್ಟಿತು.

“ವೈನಿ,” ಎಂದಳು, ದೇವರಮನೆಯಲ್ಲಿ ಮಾತಾಡುವ ದನಿಯಲ್ಲಿ, “ತಾಯಿ ಬಂದಾಳ್ರಿ.”

“ಹುಚ್ಚಿ, ನಾ ಸಣ್ಣಾಕಿ ಇದ್ದಾಗ ಚಿಕನ್ ಪಾಕ್ಸ್ ಬಂದು ಹೋಗೈತಿ. ಒಮ್ಮೆ ಬಂದದ್ದು ಮತ್ತ ಹಂಗ ಬರೂದಿಲ್ಲ.”

“ಯಾಕ, ತಾಯಿಗೂ ಲಾಕ್‌ಡೌನ್ ಪಾಸ್ ಬೇಕೇನು? ಮನಸ್ಸಿಗೆ ಬಂತು, ಬಂದಾಳ.”

ಕನ್ನಡಿಗೆ ಬೆನ್ನು ಮಾಡಿ, ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿದು ನೋಡಿಕೊಂಡೆ. ನನ್ನ ಗೋಧಿಬಣ್ಣದ ಚರ್ಮದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಗುಳ್ಳೆಗಳು, ಕೆಲವು ನೀರು ತುಂಬಿ ಮಿಂಚುತ್ತಿದ್ದವು. ಫ್ರ್ಯಾಂಕ್ಲಿ, ಜ್ವರಕ್ಕಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ವ್ಯಾನಿಟಿ ಪಾಪವೆಂದು ಸಿಸ್ಟರ್‌ಗಳು ಎಷ್ಟು ಹೇಳಿಕೊಟ್ಟರೂ, ಎಪ್ಪತ್ತು ದಾಟಿದರೂ, ನನ್ನ ಸ್ಕಿನ್ ಬಗ್ಗೆ ನನಗೆ ಸಣ್ಣದೊಂದು ಜಂಬ ಇತ್ತು.

ಟೆಸ್ಟ್ ಮಾಡಿಸೋಣ ಎಂದು ನಮ್ಮವರಿಗೆ ಹೇಳಿದೆ. ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ ಆಯುಷ್ಯ ಕಳೆದ ಮನುಷ್ಯ, ದೇವರು ದಿಂಡರು ಎಂದು ಎಂದೂ ತಲೆ ಕೆಡಿಸಿಕೊಂಡವರಲ್ಲ. ಆದರೆ ತಂಗಿಯ ಮುಖ ನೋಡಿದರು, ಬಾಗಿಲ ಬೇವು ನೋಡಿದರು.

“ಎರಡು ದಿನಾ ನೋಡೂಣು, ವಿಮಲಾ. ಅವ್ವ ಇದ್ದಾಗ ನನಗೂ ಹಿಂಗ ಬಂದಿತ್ತು. ಸೂಜಿ ಮುಟ್ಟಸಬಾರದು ಅಂತಿದ್ಲು.”

ಹೆದರಿಕೆಯಾದಾಗ ಮನುಷ್ಯ ತಾನು ಹುಟ್ಟಿದ ಮನೆಯ ಕಾಯಿದೆಗೆ ವಾಪಸ್ಸು ಹೋಗುತ್ತಾನೆ. ಅವರನ್ನು ನಾನು ದೂರುವುದಿಲ್ಲ. ಯಾಕೆಂದರೆ ನನ್ನೊಳಗೂ ಏನೋ ಹಗುರಾಗಿತ್ತು. ಎದುರು ಓಣಿಯಲ್ಲಿ ಒಬ್ಬ ಮಾಸ್ತರರಿಗೆ ಕರೋನಾ ಆಗಿ, ಯಾರೂ ಒಳಹೊರಗೆ ಓಡಾಡದಂತೆ ಅವರ ಮನೆಗೆ ತಗಡು ಬಡಿದಿದ್ದರು. ಹಾಲಿನವನು ಕೂಡ ದೂರದಿಂದಲೇ ದಾಟಿಹೋಗುತ್ತಿದ್ದ. ನಮ್ಮ ಮನೆಗೆ ಮಾತ್ರ ಓಣಿಯ ಹೆಂಗಸರು ಎಳನೀರು ತಂದು ಗೇಟಿನ ಹೊರಗೆ ಇಟ್ಟು, ಕಿಟಕಿಯಲ್ಲಿ ಕುಳಿತ ನನಗೆ ಕೈಮುಗಿದು ಹೋಗುತ್ತಿದ್ದರು. ಅದೇ ಜ್ವರ, ಅದೇ ಕೆಮ್ಮು. ಬೆನ್ನ ಮೇಲೆ ನಾಲ್ಕು ಗುಳ್ಳೆ ಇದ್ದುದರಿಂದ ನಾನು ಪೂಜ್ಯಳಾಗಿದ್ದೆ. ಇಟ್ ವಾಸ್ ವೆರಿ ಪ್ಲೆಸೆಂಟ್, ನಿಜ ಹೇಳಬೇಕೆಂದರೆ.

ಆದರೆ ಎರಡು ದಿನ ಮೂರಾಯಿತು, ನಾಲ್ಕಾಯಿತು. ಗುಳ್ಳೆಗಳು ಎದೆಗೆ, ತೋಳಿಗೆ ಇಳಿದವು. ಅದಕ್ಕಿಂತ ಕೆಟ್ಟದ್ದೆಂದರೆ ಮಾತು ತುಂಡಾಗತೊಡಗಿತು. “ಶಾಂತಾ, ಕುಡಿಯಾಕ ನೀರು ಕೊಡು” ಎನ್ನುವಷ್ಟರಲ್ಲಿ ನಡುವೆ ಒಮ್ಮೆ ನಿಂತು ಉಸಿರೆಳೆದುಕೊಳ್ಳಬೇಕು. ಬಚ್ಚಲಿಗೆ ಹೋಗಿ ಬಂದರೆ ಗೋಡೆ ಹಿಡಿದು ನಿಲ್ಲಬೇಕು.

“ಎದಿ ಮ್ಯಾಲ ಯಾರೋ ಕುಂತಂಗ ಆಗೇದ,” ಎಂದೆ.

“ತಾಯಿನ ಕುಂತಾಳ್ರಿ. ಇಳೀತಾಳ,” ಎಂದಳು ಶಾಂತಾ. ಆದರೆ ಆಗ ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ನಮ್ಮವರು ಹೊರಗೆ ಜಗುಲಿಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುತ್ತಿದ್ದರು. ದವಾಖಾನೆಗೆ ಹೋಗೋಣ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮೂವರಲ್ಲಿ ಯಾರಿಗೂ ಬರಲಿಲ್ಲ. ಅವರಿಬ್ಬರಿಗೆ ತಾಯಿಯ ಸಿಟ್ಟಿನ ಭಯ. ನನಗೆ, ನನ್ನ ಮಾತಿನಿಂದ ಅವಳ ಮನೆಗೆ ತಗಡು ಬೀಳುತ್ತದಲ್ಲ ಎಂಬ ಸಂಕೋಚ. ಹಾಗೆ ಮರ್ಯಾದೆಯಿಂದ ಕುಳಿತು ನಾನು ಸಾಯುತ್ತಿದ್ದೆ.

ಅಂದು ಮಧ್ಯಾಹ್ನ ಬಾಜೂಮನೆಯ ಕಸ್ತೂರಿ ವರ್ಷದ ಖಾರಪುಡಿಗೆಂದು ಹಿತ್ತಲಲ್ಲಿ ಒಲೆ ಹೂಡಿ ಮೆಣಸಿನಕಾಯಿ ಹುರಿಯಲು ಕುಳಿತಳು. ಆ ಹೊಗೆ ಗೊತ್ತಿದ್ದವರಿಗೇ ಗೊತ್ತು. ಗೋಡೆ ದಾಟಿ ಬರುತ್ತದೆ, ಬಾಗಿಲು ಹಾಕಿದರೂ ಬರುತ್ತದೆ. ಶಾಂತಾ ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಕೋಣೆಗೆ ನುಗ್ಗಿ, ಕಿಟಕಿಯ ಸರಳು ಹಿಡಿದು ಕೂಗಿದಳು.

“ಏ ಕಸ್ತೂರಿ! ನಿನಗ ಬುದ್ಧಿ ಐತೇನ? ಮನ್ಯಾಗ ತಾಯಿ ಅದಾಳ ಅಂತ ಗೊತ್ತಿದ್ದೂ ಘಾಟ ಎಬ್ಬಸ್ತೀಯಲ್ಲ!”

“ಅಯ್ಯ ಶಾಂತಕ್ಕ, ಮರತೇ ಹೋತ್ರಿ! ಆರಸ್ತೀನಿ, ಆರಸ್ತೀನಿ!” ಎಂದು ಆಚೆಯಿಂದ ಕಸ್ತೂರಿಯೂ ಕೆಮ್ಮಿದಳು. ಜಗುಲಿಯ ಮೇಲೆ ನಮ್ಮವರು ಕೆಮ್ಮಿದರು. ರಸ್ತೆಯಲ್ಲಿ ಯಾರೋ ಸೀನಿದರು.

ನಾನು ಕಿಟಕಿಯ ಕೆಳಗೇ ಕುಳಿತಿದ್ದೆ. ಹೊಗೆ ನನ್ನ ಮುಖದ ಮೇಲಿಂದಲೇ ಹಾದುಹೋಗುತ್ತಿತ್ತು. ಎಲ್ಲರೂ ಯಾಕೆ ಕೆಮ್ಮುತ್ತಿದ್ದಾರೆ ಎಂದು ನೋಡುತ್ತಿದ್ದೆ.

ಶಾಂತಾ ಬೈಯುವುದನ್ನು ನಡುವೆಯೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ವೈನಿ, ನಿಮಗ ಘಾಟ ಬರವಲ್ದೇನು?”

“ಯಾವ ಘಾಟ?”

ಅವಳು ಅಡಿಗೆಮನೆಗೆ ಹೋದಳು. ಇಂಗಿನ ಡಬ್ಬಿ ತಂದು, ಮುಚ್ಚಳ ತೆಗೆದು, ನನ್ನ ಮೂಗಿಗೆ ಹಿಡಿದಳು. “ಮೂಸರಿ.” ಮೂಸಿದೆ. ಖಾಲಿ ಡಬ್ಬಿ ಮೂಸಿದ ಹಾಗೆ. ವಾಸನೆ ಹೋಗುವುದು ಯಾವುದರ ಗುರುತು ಎಂದು ಆ ಹೊತ್ತಿಗೆ ಗಿರಣಿಗೆ ಜೋಳ ತರುವ ಹುಡುಗಿಯರಿಗೂ ಗೊತ್ತಿತ್ತು. ಶಾಂತಾಳ ಮುಖ ನನ್ನ ಕಣ್ಣೆದುರೇ ಬಣ್ಣ ಕಳೆದುಕೊಂಡಿತು. ಅವಳು ನೆಲದ ಮೇಲೆ ಕುಳಿತುಬಿಟ್ಟಳು.

“ಯವ್ವಾ, ನಾ ಏನ ಮಾಡಿದ್ನಿ?”

ನಾನು ಏನೋ ಸಮಾಧಾನ ಹೇಳಹೋದೆ, ಉಸಿರು ಸಾಲಲಿಲ್ಲ. ಅವಳು ನಾನು ಹೇಳುವವರೆಗೂ ಕಾಯಲಿಲ್ಲ. ಎದ್ದಳು. ಗಾಡಿ ತರಲು ಅಣ್ಣನನ್ನು ಓಡಿಸಿ, ಮೂಲೆಯಲ್ಲಿ ಬೇವು ಸಿಕ್ಕಿಸಿ ತಾಯಿ ಎಂದು ಇಟ್ಟಿದ್ದ ತಂಬಿಗೆಯ ಮುಂದೆ ಹೋಗಿ ಕುಳಿತಳು. ಹೊಸ ಕುಪ್ಪಸದ ಖಣ ತೆಗೆದಳು, ಅಕ್ಕಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು ಇಟ್ಟಳು. ಮೈಮೇಲಿನದು ಪೂರಾ ಒಣಗಿದ ಮೇಲೆ, ತಾಯಿಯನ್ನು ಬೀಳ್ಕೊಡುವಾಗ ತುಂಬುವ ಉಡಿ ಅದು. ನಡುವೆ ಯಾರೂ ತುಂಬುವುದಿಲ್ಲ. ಬಂದ ದೇವಿಯನ್ನು ಅರ್ಧಕ್ಕೆ ಎಬ್ಬಿಸಿ ಕಳಿಸುವುದನ್ನು ನಾನು ಕೇಳಿಯೂ ಇರಲಿಲ್ಲ. ಶಾಂತಾ ಸೆರಗು ತಲೆಗೆ ಹೊದ್ದುಕೊಂಡು ತಂಬಿಗೆಯ ಜೊತೆ ಮಾತಾಡಿದಳು, ಬೇಡಿಕೊಂಡ ಹಾಗೆ ಅಲ್ಲ, ವ್ಯವಹಾರ ಮುಗಿಸಿದ ಹಾಗೆ.

“ತಾಯಿ, ನೀ ಬಂದಿದ್ರ ನಾ ಮಾಡಿದ್ದು ನಿನಗ ಮುಟ್ಲಿ. ಬಂದಿಲ್ಲಂದ್ರ ತಪ್ಪು ನಂದು, ಆಕಿದಲ್ಲ. ಉಡಿ ತುಂಬೇನಿ. ನೀ ನಿನ್ನ ದಾರಿ ಹಿಡಿ, ನಾವು ದವಾಖಾನಿ ದಾರಿ ಹಿಡೀತೀವಿ. ಸಿಟ್ಟ ಬಂದ್ರ ನನ್ನ ಮೈಮ್ಯಾಲ ಬಾ.”

ತಂಬಿಗೆ ಎತ್ತಿಕೊಂಡು ಓಣಿಯ ಕೊನೆಯ ಬೇವಿನಮರದ ಬುಡಕ್ಕೆ ಇಟ್ಟು ಬಂದಳು. ನಂಬಿಕೆ ಇಲ್ಲದ ನಾನು ಸೂಜಿ ಚುಚ್ಚಿಸಿಕೊಳ್ಳುವುದರಲ್ಲಿ ಏನು ಧೈರ್ಯ? ಅವಳು ಕೂದಲೆಳೆಯಷ್ಟೂ ಸಂಶಯವಿಲ್ಲದೆ ನಂಬಿದವಳು. ಆ ಸಿಟ್ಟು ಬಂದೇ ಬರುತ್ತದೆ ಎಂದುಕೊಂಡೇ ನನ್ನನ್ನು ಗಾಡಿಗೆ ಹತ್ತಿಸಿದಳು. ಹೀರೋಯಿಸಮ್ ಎಂಬ ಪದವನ್ನು ಎಷ್ಟೋ ವರ್ಷ ಬ್ಲ್ಯಾಕ್‌ಬೋರ್ಡಿನ ಮೇಲೆ ಬರೆದಿದ್ದೆ. ಕಣ್ಣಾರೆ ನೋಡಿದ್ದು ಅಂದು.

ಓಮ್ನಿ ಗಾಡಿಯ ಕಿಟಕಿಗಳನ್ನೆಲ್ಲ ತೆಗೆದು, ಮಾಸ್ಕಿನ ಮೇಲೆ ಒದ್ದೆ ಸೆರಗು ಕಟ್ಟಿಕೊಂಡು ಅವಳು ನನ್ನ ಪಕ್ಕ ಕುಳಿತಳು. ನಮ್ಮವರು ಮುಂದೆ. ಬೆಳಗಾವಿಯ ದಾರಿ ಅಷ್ಟು ಉದ್ದ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಉದ್ಯಮಬಾಗ ದಾಟುವಾಗ ಸದ್ದೇ ಇರಲಿಲ್ಲ. ಫೌಂಡ್ರಿಗಳ ಆಕ್ಸಿಜನ್ ಸಿಲಿಂಡರುಗಳೂ ದವಾಖಾನೆಗಳಿಗೆ ಹೋಗಿವೆಯಂತೆ ಎಂದು ನಮ್ಮವರು ಮುಂದಿನ ಸೀಟಿನಿಂದಲೇ ಹೇಳಿದರು, ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಕಂಡಿತು.

ದವಾಖಾನೆಯ ಹೆಸರು ಬೇಡ. ಆ ದಿನಗಳಲ್ಲಿ ಎಲ್ಲ ದವಾಖಾನೆಗಳೂ ಒಂದೇ ರೀತಿ ಇದ್ದವು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿ ಸಿಗದವರು ನೆಲದ ಮೇಲೆ, ಗಿಡದ ಕೆಳಗೆ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಮ್ಮ ಸರದಿ ಬಂದಾಗ ಮೇಜಿನ ಹಿಂದಿದ್ದ ಹುಡುಗ ನನ್ನ ತೋಳು ನೋಡಿ ಹಿಂದೆ ಸರಿದ.

“ಇದು ಚಿಕನ್ ಪಾಕ್ಸ್ ಐತ್ರಿ. ಇಲ್ಲಿ ಕೋವಿಡ್ ಅಷ್ಟ. ಚರ್ಮದ ವಿಭಾಗಕ್ಕ ಹೋಗ್ರಿ.”

“ಅದು ಎಲ್ಲಿ ಐತ್ರಿ?” ನಮ್ಮವರು ಕೇಳಿದರು.

“ಬಂದ್ ಐತ್ರಿ.”

ಕೋವಿಡ್ ವಾರ್ಡಿಗೆ ನಾನು ತೀರಾ ಗುಳ್ಳೆಯವಳು, ಗುಳ್ಳೆಯ ವಾರ್ಡಿಗೆ ಬಾಗಿಲೇ ಇಲ್ಲ. ನಮ್ಮವರು ವಾದಿಸಲು ಗೊತ್ತಿಲ್ಲದ ಮನುಷ್ಯ. ನಾನು ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ವಾಕ್ಯ ಕಟ್ಟಿದೆ, ಅದನ್ನು ಮುಗಿಸುವಷ್ಟು ಗಾಳಿ ಇರಲಿಲ್ಲ. ಆಗ ಶಾಂತಾ ಮೇಜಿನ ಮೇಲೆ ಎರಡೂ ಕೈ ಊರಿದಳು.

“ತಮ್ಮಾ, ಇಲ್ಲಿ ಕೇಳ. ಮೈ ನೋಡಬ್ಯಾಡ, ಮೈ ನೋಡಿ ನಾನೂ ಮೋಸ ಹೋಗೇನಿ. ಬಾಜೂ ಮನ್ಯಾಗ ಬ್ಯಾಡಗಿ ಮೆಣಸಿನಕಾಯಿ ಹುರದ್ರ ಇಡೀ ಓಣಿ ಕೆಮ್ಮತು. ಇವರಿಗೆ ಘಾಟ ಬರಲಿಲ್ಲ. ಇಂಗು ಹಿಡದ್ನಿ, ಅದೂ ಬರಲಿಲ್ಲ. ಈಗ ನೀ ಹೇಳು, ಯಾ ತಾಯಿ ಮೂಗಿನ ವಾಸನಿ ಒಯ್ತಾಳ?”

ಹಿಂದೆ ಸಾಲಿನಲ್ಲಿ ಯಾರೋ ಮಾಸ್ಕಿನೊಳಗೆ ನಕ್ಕರು. ಆ ನಗು ಕೇಳಿ ಪಿಪಿಇ ತೊಟ್ಟ ಒಬ್ಬ ಲೇಡಿ ಡಾಕ್ಟರ್ ತಿರುಗಿ ನೋಡಿ ಹತ್ತಿರ ಬಂದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರು, ಓದಿದರು, ಕೂಡಲೇ ವೀಲ್‌ಚೇರ್ ತರಿಸಿದರು.

“ಈ ರೋಗದಾಗ ಕೆಲವರಿಗೆ ಮೈಮ್ಯಾಲೂ ಗುಳ್ಳಿ ಏಳ್ತಾವರಿ,” ಎಂದರು ಶಾಂತಾಳಿಗೆ. “ಇವತ್ತು ಕರ್ಕೊಂಡು ಬಂದದ್ದು ಚೊಲೋ ಆತು. ನಾಳೆ ಅಂದಿದ್ರ ನನಗ ಏನೂ ಹೇಳಾಕ ಆಗ್ತಿದ್ದಿಲ್ಲ. ಈಗ ಸೂಜಿ ಹಾಕಬೇಕಾಗ್ತದ, ಏನೂ ತಕರಾರ ಇಲ್ಲಲ್ಲ?”

“ಎಷ್ಟ ಬೇಕ ಅಷ್ಟ ಚುಚ್ಚರಿ,” ಎಂದಳು ಶಾಂತಾ. “ಹೇಳಿ ಬಂದೇನಿ.”

ಯಾರಿಗೆ ಹೇಳಿ ಬಂದಿದ್ದಾಳೆಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು!

ವಾರ್ಡಿನ ಕಥೆ ಬಹಳ ಮಂದಿ ಬರೆದಿದ್ದಾರೆ, ನನ್ನದೇನೂ ಬೇರೆಯಲ್ಲ. ಮಾಸ್ಕಿನೊಳಗೆ ಬರುವ ಗಾಳಿಯ ಒಣರುಚಿ, ಪಕ್ಕದ ಹಾಸಿಗೆ ಖಾಲಿಯಾದಾಗ ಕೇಳಬಾರದ ಪ್ರಶ್ನೆ. ಚರ್ಮದ ವಿಷಯ ಮಾತ್ರ ಹೇಳಬೇಕು, ಏಕೆಂದರೆ ಅದನ್ನು ಯಾರೂ ಹೇಳಲಿಲ್ಲ. ಉಸಿರಿಗೆ ಒದ್ದಾಡುವ ಜನರ ನಡುವೆ ನನಗೆ ಬೆನ್ನು ಕೆರೆಯುತ್ತದೆ ಎನ್ನಲು ನಾಚಿಕೆ. ಎರಡು ದಿನ ಹಲ್ಲು ಕಚ್ಚಿಕೊಂಡು ಇದ್ದೆ. ಕೊನೆಗೆ ಒಬ್ಬ ನರ್ಸ್ ತಾನೇ ನೋಡಿ, ಗ್ಲೌಸ್ ಹಾಕಿದ ಕೈಯಿಂದ ತಣ್ಣನೆಯ ಕ್ಯಾಲಮೈನ್ ಲೋಷನ್ನನ್ನು ಬೆನ್ನಿಗೆಲ್ಲ ಸವರಿದಳು. ಅಷ್ಟು ದಿನ ಯಾರೂ ಮುಟ್ಟಿರದ ಮೈ. ಒರಗಿಕೊಂಡು ಅತ್ತುಬಿಟ್ಟೆ. “ಉರೀತೇನ್ರಿ?” ಎಂದು ಕೇಳಿದಳು ಪಾಪ.

ಎದುರು ಹಾಸಿಗೆಯಲ್ಲಿ ವಡಗಾವಿಯ ಜುಬೇದಾ ಎಂಬ ಹೆಂಗಸು. ಮನೆಯಲ್ಲಿ ಮಗ್ಗ ಇತ್ತಂತೆ. ನನ್ನ ಬೆನ್ನಿಗೆ ಲೋಷನ್ ಹಚ್ಚುವುದನ್ನು ನೋಡಿ, ತನ್ನ ಹೊದಿಕೆ ಸರಿಸಿ ಕಾಲು ತೋರಿಸಿದಳು. ಇದೇ ರೋಗಕ್ಕೆ ಬೆರಳುಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

“ನಾನು ಯಾರಿಗೂ ಹೇಳೇ ಇಲ್ರಿ,” ಎಂದಳು. “ಕಾಲ ಕೊಳತಾವ, ಕತ್ತರಸ್ತಾರ ಅಂದ್ಕೊಂಡಿದ್ದೆ.”

“ನನಗ ತಾಯಿ ಬಂದಾಳ ಅಂದ್ಕೊಂಡಿದ್ರು,” ಎಂದೆ. ಅವಳು ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮು ನಿಂತ ಮೇಲೆ ತನ್ನ ಮನೆಮಾತಿನಲ್ಲಿ, “ಡರೋ ನಕ್ಕೋ, ಅಮ್ಮಾ,” ಎಂದಳು, ಹೆದರಬೇಡಿ ಎಂದು. ಆಮೇಲೆ ದಿನವೂ ಬೆಳಿಗ್ಗೆ ಅವಳು ಕಾಲು ತೋರಿಸುವಳು, ನಾನು ತೋಳು ತೋರಿಸುವೆ, ಸಂತೆಯಲ್ಲಿ ಸೀರೆ ತೋರಿಸಿಕೊಂಡ ಹಾಗೆ. ಇವತ್ತು ಬಣ್ಣ ಇಳಿದಿದೆ, ಇವತ್ತು ಒಣಗಿದೆ. ಮೈಮೇಲೆ ಏನೋ ಎದ್ದು, ತನಗೊಬ್ಬಳಿಗೇ ಹೀಗೆ ಎಂದು ಮುಚ್ಚಿಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ನಾವಿಬ್ಬರು ಇದ್ದೆವು ಎಂದು ತಿಳಿಯಲಿ.

ಡಿಸ್ಚಾರ್ಜಿನ ಮೊದಲು ಆ ಲೇಡಿ ಡಾಕ್ಟರ್ ಬಂದು ಸಂಕೋಚದಿಂದ ಕೇಳಿದರು. “ಮೇಡಂ, ನಿಮ್ಮ ಬೆನ್ನಿಂದು ಫೋಟೋ ತಗೋಬಹುದೇನ್ರಿ? ಮುಖ ಬರೂದಿಲ್ಲ. ನಮ್ಮ ಸ್ಟೂಡೆಂಟ್ಸಿಗೆ ತೋರಸ್ತೀನಿ. ಮುಂದ ಯಾರರೇ ಇಂಥಾ ಪೇಷಂಟ್ ಬಂದ್ರ ಮೇಜಿನಿಂದ ವಾಪಸ್ ಕಳಸಬಾರದಲ್ಲ.” ಕ್ಲಾಸಿಗೆ ಎಂದೂ ಬೆನ್ನು ತೋರಿಸಬಾರದು ಎಂದು ಟ್ರೈನಿಂಗಿನಲ್ಲಿ ನಮಗೆ ಕಲಿಸಿದ್ದರು. ನಾನು ಇಡೀ ಸರ್ವಿಸ್ ಹಾಗೆಯೇ ಕಲಿಸಿದ್ದೆ. ರಿಟೈರ್ ಆದ ಮೇಲೆ ನನ್ನ ಬೆನ್ನು ಪಾಠ ಮಾಡಲು ಹೊರಟಿತ್ತು. ನೆಟ್ಟಗೆ ಕುಳಿತೆ, ಶೋಲ್ಡರ್ಸ್ ಬ್ಯಾಕ್.

ನಮ್ಮವರಿಗೂ ಶಾಂತಾಳಿಗೂ ಟೆಸ್ಟಿನಲ್ಲಿ ಪಾಸಿಟಿವ್ ಬಂದಿತ್ತು. ಸಣ್ಣ ಜ್ವರದಲ್ಲಿ ಮುಗಿದುಹೋಯಿತು. “ನಮ್ಮ ಫೌಂಡ್ರಿ ಸಿಲಿಂಡರ ನಿನ್ನ ಹಾಸಗಿಗೇ ಬಂದಿರಬೇಕ ನೋಡು,” ಎಂದು ನಮ್ಮವರು ಫೋನಿನಲ್ಲಿ ತಮ್ಮ ಎಂದಿನ ನಗೆ ನಕ್ಕರು.

ಆದರೆ ನನಗೆ ಹೆಮ್ಮೆ ಎನಿಸುವುದು ನಾನು ಬದುಕಿ ಬಂದದ್ದಕ್ಕಲ್ಲ. ನಾನಿನ್ನೂ ವಾರ್ಡಿನಲ್ಲಿದ್ದಾಗ, ತನ್ನ ಜ್ವರ ಬಿಟ್ಟ ಮೇಲೆ ಶಾಂತಾ ಮಾಡಿದ ಕೆಲಸವನ್ನು ಕಸ್ತೂರಿ ನನಗೆ ಆಮೇಲೆ ಹೇಳಿದಳು. ಎಳನೀರು ತಂದಿದ್ದ ಹೆಂಗಸರನ್ನೆಲ್ಲ ಗೇಟಿನ ಆಚೆ ದೂರ ನಿಲ್ಲಿಸಿ, ತಾನು ಜಗುಲಿಯ ಮೇಲೆ ನಿಂತು ಸಾರಿದಳಂತೆ.

“ನಮ್ಮ ವೈನಿಗೆ ಆದದ್ದು ಕರೋನಾ. ತಾಯಿ ಅಲ್ಲ. ನಾ ತಪ್ಪ ಹೇಳೇನಿ. ನೀವು ಕೈ ಮುಗದದ್ದು ಎಲ್ಲಿಗೂ ಮುಟ್ಟಿಲ್ಲ. ಯಾರಿಗರೇ ಕೆಮ್ಮು ಬಂದ್ರ ಸುಮ್ಮ ಕುಂದರಬ್ಯಾಡ್ರಿ, ಹೋಗಿ ಟೆಸ್ಟ್ ಮಾಡಿಸರಿ.”

“ಇಷ್ಟ ವರ್ಷದಾಗ ಶಾಂತಕ್ಕ ತಪ್ಪೇನಿ ಅಂದದ್ದು ಅದ ಮೊದಲ್ರಿ,” ಎಂದಳು ಕಸ್ತೂರಿ. “ಒಬ್ಬಾಕಿ ಬೈದ್ಲು, ನಮ್ಮನ್ನ ಸಾಯಿಸಾಕ ಕರದಿದ್ದೇನ ಅಂತ. ಬೈಸಿಕೊಂಡು ನಿಂತ್ರು.”

ತಗಡು ಬಂತು. ಗಿರಣಿಗೆ ಬಹಳ ದಿನ ಯಾರೂ ಕಾಳು ತರಲಿಲ್ಲ. ಓಣಿಯಲ್ಲಿ ಅವಳಿಗಿದ್ದ ಆ ಒಂದು ಹಕ್ಕನ್ನು ತನ್ನ ಕೈಯಿಂದಲೇ ಇಳಿಸಿಟ್ಟಳು. ಯಾರಿಗೂ ನಮ್ಮಿಂದ ಹರಡಲಿಲ್ಲವೆಂದು ಆಮೇಲೆ ಗೊತ್ತಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮತ್ತೆ ಬಂದರು. ಮಕ್ಕಳನ್ನೂ ಕರೆತಂದರು. ಅವಳು ಆಗಿನಿಂದ ಬೇವು ಕೇಳುವ ಮೊದಲು ಇಂಗಿನ ಡಬ್ಬಿ ತೆಗೆಯುತ್ತಿದ್ದಳು. ಮೂಸಿಸಿ ನೋಡಿ, “ಮೊದಲ ಡಾಕ್ಟರ ಕಡೆ ಹೋಗ್ರಿ, ಆಮ್ಯಾಲ ನನ್ನ ಕಡೆ,” ಎನ್ನುತ್ತಿದ್ದಳು.

ನನ್ನ ತೋಳಿನ ಮೇಲೆ ಕಪ್ಪು ಕಲೆಗಳು ಉಳಿದಿವೆ. ಮೊದಲ ವರ್ಷ ಉದ್ದ ತೋಳಿನ ಬ್ಲೌಸ್ ಹೊಲಿಸಿಕೊಂಡೆ. ಈಗ ಇಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಇದೇನು ಎಂದು ಕೇಳಿದರೆ, ಕುಳಿತುಕೊಳ್ಳಿ ಹೇಳುತ್ತೇನೆ ಎನ್ನುತ್ತೇನೆ.

ಹೋದ ಚಳಿಗಾಲ ಶಾಂತಾ ನಿದ್ದೆಯಲ್ಲೇ ಹೋದಳು, ಹೃದಯ ನಿಂತು. ಆಗ ನಾವು ದೂರದ ಊರಿಗೆ ಹೋಗಿದ್ದೆವು, ಸುದ್ದಿ ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ಸಿಗಲಿಲ್ಲ. ಅದಕ್ಕೇ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮೊದಲು, ದೀಪಾವಳಿ ಮುಗಿಸಿ ಬೆಳಗಾವಿಗೆ ಹೊರಟಾಗ, ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ತುಂಬಿತ್ತು. ಅವಳು ನನಗಿಂತ ಮೊದಲು ಹತ್ತಿ, ಕಿಟಕಿಯ ಪಕ್ಕ ಕುಳಿತಿದ್ದ ಕಾಲೇಜು ಹುಡುಗನ ಮುಂದೆ ನಿಂತಳು.

“ಏಳಪಾ. ನಮ್ಮ ವೈನಿ ಕರೋನಾ ಹೊಡದು ಬಂದಾರ. ಅವರಿಗೆ ಗಾಳಿ ಬೇಕ.”

“ಶಾಂತಾ, ಎಷ್ಟ ವರ್ಷ ಆತು ಅದಕ್ಕ, ಸುಮ್ನ ಇರು,” ಎಂದೆ. ಹುಡುಗ ನಕ್ಕು ಎದ್ದ. ನನ್ನನ್ನು ಕೂರಿಸಿ, ಕಿಟಕಿಯ ಗಾಜನ್ನು ತಾನೇ ಪೂರಾ ಸರಿಸಿ, ಅವಳು ಕೆಳಗಿಳಿದಳು. ಕಂಡಕ್ಟರ್ ಇನ್ನೂ ಚಹಾದ ಅಂಗಡಿಯಲ್ಲೇ ಇದ್ದ. ಅವಳಿಗೆ ತಾಳ್ಮೆ ಯಾವತ್ತು ಇತ್ತು? ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದು, “ರೈಟ್! ರೈಟ್!” ಎಂದು ಕೂಗಿದಳು. ಡ್ರೈವರ್ ಗೇರು ಹಾಕಿಯೇಬಿಟ್ಟ. ಕಂಡಕ್ಟರ್ ಲೋಟ ಬಿಟ್ಟು, “ಯಾರ್ರೀ ಅದು, ಹೋಲ್ಡಾನ್!” ಎನ್ನುತ್ತ ಹಿಂದೆ ಓಡಿಬಂದ. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಶಾಂತಾ ಬಾಯಿಗೆ ಸೆರಗು ಒತ್ತಿ ಹಿಡಿದು, ಬಗ್ಗಿ ಬಗ್ಗಿ ನಗುತ್ತಿದ್ದಳು.